ನಸುಕಿನ ವಿಮಾನವನ್ನು ವಾಪಸ್ ಕೊಡಿ

ವಿಮಾನ ನಿಲ್ದಾಣದ ವೇಳಾಪಟ್ಟಿಗೆ ಸಹಿ ಹಾಕುವ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ವರ್ಷ ನಾನು ನಿಮಗೊಂದು ಅರ್ಜಿ ಕೊಟ್ಟೆ. ನೀವು ಅದನ್ನು ಮಂಜೂರು ಮಾಡಿದಿರಿ. ನನ್ನ ದೂರು ಅದೇ.

ಇಂಥ ದೂರು ನಿಮ್ಮ ಮೇಜಿನ ಮೇಲೆ ಹಿಂದೆ ಬಂದಿರಲಾರದು. ಅರ್ಜಿ ತಿರಸ್ಕಾರವಾಯಿತೆಂದು ಅಳುವವರನ್ನು ನೀವು ಬೇಕಾದಷ್ಟು ನೋಡಿದ್ದೀರಿ, ಮಂಜೂರಾಯಿತೆಂದು ಅಳುವವಳು ನಾನೊಬ್ಬಳೇ ಇರಬೇಕು. ನಮ್ಮ ಬೀದಿಯ ತುದಿಯಲ್ಲಿ ಒಂದು ದೀಪ ಕೆಟ್ಟು ಎಷ್ಟೋ ಕಾಲವಾಯಿತು. ಅದಕ್ಕಾಗಿ ನಾನೇ ಬರೆದ ಅರ್ಜಿಗಳು ಯಾವ ಕಚೇರಿಯ ಯಾವ ಮೂಲೆಯಲ್ಲಿ ನಿದ್ದೆ ಹೊಡೆಯುತ್ತಿವೆಯೋ ದೇವರಿಗೇ ಗೊತ್ತು. ಚರಂಡಿಗೆ ಚಪ್ಪಡಿ ಕೇಳಿದೆವು, ಬರಲಿಲ್ಲ. ಬಸ್ ತಂಗುದಾಣಕ್ಕೆ ನೆರಳು ಕೇಳಿದೆವು, ಬರಲಿಲ್ಲ. ಒಂದು ಬಲ್ಬು ಬದಲಾಯಿಸಲಾಗದ ಈ ಊರಿನಲ್ಲಿ ಆಕಾಶದಲ್ಲಿ ಹಾರುವ ವಿಮಾನದ ಹೊತ್ತನ್ನು ಬದಲಾಯಿಸಿ ಎಂದರೆ ಯಾರಾದರೂ ಬದಲಾಯಿಸುತ್ತಾರೆಯೇ? ನೀವು ಬದಲಾಯಿಸಿದಿರಿ. ಅದೂ ನಗುನಗುತ್ತಾ, ಪತ್ರಿಕೆಯವರನ್ನು ಕರೆಸಿ, 'ನಾಗರಿಕರ ನೆಮ್ಮದಿಯೇ ನಮ್ಮ ಗುರಿ' ಎಂದು ಹೇಳಿಕೆ ಕೊಟ್ಟು.

ಅರ್ಜಿಯಲ್ಲಿ ಏನಿತ್ತೆಂದು ಈ ಬಹಿರಂಗ ಪತ್ರ ಓದುವ ಬೇರೆಯವರಿಗೂ ತಿಳಿಯಲಿ ಎಂದು ಹೇಳುತ್ತೇನೆ. ಪ್ರತಿದಿನ ನಸುಕಿನಲ್ಲಿ, ಇನ್ನೂ ಕತ್ತಲಿರುವಾಗಲೇ, ಒಂದು ಪ್ರಯಾಣಿಕ ವಿಮಾನ ನಮ್ಮ ಬಡಾವಣೆಯ ನೆತ್ತಿಯ ಮೇಲಿಂದ ಏರಿ ಹೋಗುತ್ತಿತ್ತು. ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು, ಶೆಲ್ಫಿನ ಮೇಲಿನ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ನಮ್ಮ ಯಜಮಾನರು ಚಾವಣಿ ಕೆಲಸದ ಮೇಸ್ತ್ರಿ. ಗೋದಾಮು, ಕಾರ್ಖಾನೆ, ಸಭಾಂಗಣಗಳಿಗೆ ತಗಡಿನ ಉದ್ದುದ್ದ ಶೀಟುಗಳನ್ನು ಹೊದಿಸುವುದು ಅವರ ಕಸುಬು. ನನ್ನ ಮೈದುನನೂ ಅವರ ಜೊತೆಗೇ ಕೆಲಸ ಮಾಡುತ್ತಾನೆ, ನಮ್ಮ ಮನೆಯಲ್ಲೇ ಇರುತ್ತಾನೆ. ವಿಮಾನದ ಸದ್ದಿಗೆ ಇಬ್ಬರೂ ಎದ್ದು ಕೂರುತ್ತಿದ್ದರು. ಒಮ್ಮೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ. ಆಕಳಿಸುತ್ತಾ ಕೆಲಸಕ್ಕೆ ಹೋಗುವವರನ್ನು ನೋಡಿ ನನಗೆ ದಿಗಿಲಾಗುತ್ತಿತ್ತು. ನಿದ್ದೆಗೆಟ್ಟ ಮನುಷ್ಯ ಮೇಜಿನ ಮುಂದೆ ಕೂತರೆ ಹೆಚ್ಚೆಂದರೆ ತಪ್ಪು ಲೆಕ್ಕ ಬರೆದಾನು. ನಿದ್ದೆಗೆಟ್ಟವನು ಚಾವಣಿಯ ಅಂಚಿನಲ್ಲಿ ನಡೆದರೆ?

ಇದನ್ನೇ ಬರೆದೆ. ನಾನು ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಮುಂಬಾಗಿಲ ಮೇಜಿನ ಹಿಂದೆ ಕೂರುವವಳು. ಬಂದವರ ಹೆಸರು ಬರೆದುಕೊಂಡು, ಹೊತ್ತು ಹೊಂದಿಸಿಕೊಟ್ಟು, 'ಡಾಕ್ಟರು ಈಗ ಕರೀತಾರೆ, ಕೂತ್ಕೊಳ್ಳಿ' ಎಂದು ಇಡೀ ದಿನ ಹೇಳುವುದೇ ನನ್ನ ಉದ್ಯೋಗ. ಜನರನ್ನು ಒಪ್ಪಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಮನೆಮನೆಗೆ ಹೋಗಿ ಸಹಿ ಹಾಕಿಸಿದೆ. ಮೇಲಿನ ಮನೆಯ ಬಾಣಂತಿ ಮಗುವನ್ನು ಭುಜಕ್ಕೆ ಹಾಕಿಕೊಂಡೇ ಸಹಿ ಮಾಡಿದಳು. ಎದುರು ಮನೆಯ ನಿವೃತ್ತ ಮೇಷ್ಟ್ರು ಅರ್ಜಿಯನ್ನು ಪೂರ್ತಿ ಓದಿ, ಎರಡು ಕಡೆ ಅಲ್ಪವಿರಾಮ ಹಾಕಿ, ಆಮೇಲೆ ಸಹಿ ಹಾಕಿದರು. 'ಚಾವಣಿಯ ಮೇಲೆ ಜೀವ ಪಣಕ್ಕಿಟ್ಟು ದುಡಿಯುವವರ ನಿದ್ದೆಗಿಂತ ಒಂದು ವಿಮಾನದ ಅವಸರ ದೊಡ್ಡದೇ?' ಎಂಬುದು ಅದರ ಕೊನೆಯ ಸಾಲು. ಓದಿದವರೆಲ್ಲ ಭೇಷ್ ಎಂದರು. ನನಗೂ ಒಳಗೊಳಗೇ ಹೆಮ್ಮೆಯಾಯಿತು. ಆ ಸಾಲು ಈಗ ನೆನಪಾದರೆ ಎಲ್ಲಾದರೂ ಹೋಗಿ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ನೀವು ಆ ವಿಮಾನವನ್ನು ಹೊತ್ತೇರಿದ ಮೇಲೆ ಹೊರಡುವಂತೆ ಮಾಡಿದಿರಿ. ನಾವೆಲ್ಲ ಬೆಳಗಿನವರೆಗೆ ಸೊಂಪಾಗಿ ಮಲಗಿದೆವು. ಬೀದಿಯಲ್ಲಿ ಹೋಗುವಾಗ ಜನ ನನ್ನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ತರಕಾರಿ ಅಂಗಡಿಯವನು ತೂಕ ಹಾಕಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಸೇರಿಸುತ್ತಿದ್ದ.

ಈಗ ಚಾವಣಿಯ ಕೆಲಸ ಹೇಗೆ ನಡೆಯುತ್ತದೆಂದು ಹೇಳಬೇಕು. ತಣ್ಣನೆಯ ಕೋಣೆಯಲ್ಲಿ ಕೂತು ಸಹಿ ಹಾಕುವವರಿಗೆ ಇದು ಗೊತ್ತಿರಬೇಕಾದ್ದಿಲ್ಲ, ಆದರೆ ಗೊತ್ತಿದ್ದರೆ ಒಳ್ಳೆಯದು. ತಗಡಿನ ಶೀಟು ಒಂದು ಬಸ್ಸಿನಷ್ಟು ಉದ್ದ ಇರುತ್ತದೆ. ಮೂವರು ಹಿಡಿದು ಮೇಲೆ ಸಾಗಿಸುತ್ತಾರೆ. ಗಾಳಿ ಇಲ್ಲದಾಗ ಅದು ಬರೀ ತಗಡು. ಗಾಳಿ ಬಂತೆಂದರೆ ಅದು ದೋಣಿಯ ಹಾಯಿ. ಹಾಗಾಗಿ ಯಜಮಾನರು ದಿನವೂ ಬೆಳಗ್ಗೆ ಹವಾಮಾನ ಕಚೇರಿಯಿಂದ ಮೊಬೈಲಿಗೆ ಬರುವ ಗಾಳಿಯ ಸಂದೇಶವನ್ನು ಓದದೆ ಏಣಿಗೆ ಕೈ ಹಾಕುವವರಲ್ಲ. 'ಹೊತ್ತೇರಿದ ಮೇಲೆ ಬಿರುಗಾಳಿ' ಎಂದಿದ್ದರೆ ಅವತ್ತು ದೊಡ್ಡ ಶೀಟು ಮುಟ್ಟುವಂತಿಲ್ಲ. ಸ್ಕ್ರೂ ಬಿಗಿಯುವುದು, ಮಳೆನೀರು ಹರಿಯುವ ದೋಣಿ ಕೂರಿಸುವುದು, ಅಂಚು ಮಡಿಸುವುದು, ಇಂಥ ಸಣ್ಣ ಕೆಲಸ. 'ಗಾಳಿ ಸಾಧಾರಣ' ಎಂದಿದ್ದರೆ ಮಾತ್ರ ದೊಡ್ಡವು ಮೇಲೇರುತ್ತವೆ. ಅಷ್ಟಾಗಿಯೂ ಗಾಳಿ ಹಿಡಿದುಬಿಟ್ಟರೆ ಅದಕ್ಕೊಂದು ಕಟ್ಟಳೆ ಇದೆ. ಗಾಳಿಯ ಕಡೆ ನಿಂತವನು 'ಬಿಡಿ' ಎನ್ನುತ್ತಾನೆ, ಮೂವರೂ ಒಂದೇ ಸಲ ಕೈ ಬಿಡಬೇಕು. ಒಬ್ಬ ಹಿಡಿದುಕೊಂಡರೂ ಶೀಟು ಅವನನ್ನೂ ಕರೆದುಕೊಂಡು ಹೋಗುತ್ತದೆ.

ಆ ದಿನದ ಸಂದೇಶದಲ್ಲಿ 'ಗಾಳಿ ಸಾಧಾರಣ' ಎಂದಿತ್ತು. ಬೆಳಗ್ಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗೋದಾಮಿನ ಅರ್ಧ ಚಾವಣಿ ಮುಗಿಯುವ ಹೊತ್ತಿಗೆ, ಬಿಸಿಲು ಚುರುಕಾಗುತ್ತಿದ್ದಂತೆ, ಎಲ್ಲಿತ್ತೋ ಏನೋ ಗಾಳಿ ಒಮ್ಮೆಲೇ ಎರಗಿತು. ಯಜಮಾನರೇ 'ಬಿಡಿ' ಎಂದು ಕೂಗಿದರು. ಅವರೂ ಬಿಟ್ಟರು, ಇನ್ನೊಬ್ಬನೂ ಬಿಟ್ಟ. ನನ್ನ ಮೈದುನ ಬಿಡಲಿಲ್ಲ. ಸರಿಯಾಗಿ ಕೆಳಗೆ ಲಾರಿಯ ಚಾಲಕ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ನಿಂತಿದ್ದ. ಶೀಟು ಬಿಟ್ಟಿದ್ದರೆ ಅವನ ಕತ್ತಿನ ಮೇಲೆ ಬೀಳುತ್ತಿತ್ತು. ಮೈದುನ ಅದನ್ನು ಹಿಡಿದುಕೊಂಡೇ ಅಂಚಿನಾಚೆ ಹೋದ. ಅವನ ಸೊಂಟಕ್ಕೆ ಹಗ್ಗವಿತ್ತು, ತಲೆಗೆ ಸುರಕ್ಷಾ ಟೋಪಿ ಇತ್ತು, ನಿಯಮ ಪಾಲಿಸಿರಲಿಲ್ಲ ಎನ್ನಲು ನಿಮಗೆ ದಾರಿಯಿಲ್ಲ. ಹಗ್ಗ ಅವನನ್ನು ನೆಲಕ್ಕೆ ಬೀಳಗೊಡಲಿಲ್ಲ, ತಂದು ಗೋಡೆಗೆ ಅಪ್ಪಳಿಸಿತು. ಬಲಗಾಲಿನ ಮಂಡಿಯೂ ಪಾದದ ಕೀಲೂ ಪುಡಿಯಾದವು. ಶೀಟು ಲಾರಿಯಿಂದ ಆಚೆ ಹೋಗಿ ಬಿತ್ತು, ಚಾಲಕನಿಗೆ ಒಂದು ಗೀರೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಮೈದುನನ ಮಂಚದ ಪಕ್ಕ ಕೂತು ನಾನು ಅಳುತ್ತಿದ್ದರೆ ಅವನೇ ನನ್ನನ್ನು ಸಮಾಧಾನ ಮಾಡಿದ. "ಅಳ್ಬೇಡಿ ಅತ್ತಿಗೆ. ಗಾಳಿಗೇನು ನಮ್ಮ ಮನೆ ವಿಳಾಸ ಗೊತ್ತಿತ್ತಾ? ಅದರ ಪಾಡಿಗೆ ಅದು ಬಂತು" ಎಂದ. ಯಜಮಾನರು ಮಾತ್ರ ಬಾಗಿಲ ಬಳಿಯೇ ನಿಂತಿದ್ದರು. ಒಳಗೆ ಬರಲಿಲ್ಲ.

ಅಂದಿನಿಂದ ಅವರು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾ ಬಂದರು. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ಗಾಳಿಯ ವಾಸನೆ ಹಿಡಿಯಲಾಗಲಿಲ್ಲವಲ್ಲ ಎಂದು. ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತಿದ್ದರು. "ಮೋಡದ ಅಂಚು ನೋಡ್ಬೇಕಿತ್ತು. ನಾನೇ ಹತ್ತಿಸಿದೆ. ಅವನು ಬೇಡ ಅಂದಿದ್ರೂ ಹತ್ತಿಸ್ತಿದ್ದೆ" ಎಂದು ಗೋಡೆಗೆ ಹೇಳುತ್ತಿದ್ದರು. ನಾನು, "ನಿಮ್ಮ ತಪ್ಪೇನಿದೆ, ಸಂದೇಶದಲ್ಲೇ ತಪ್ಪು ಬಂದಿತ್ತಲ್ಲ" ಎನ್ನುತ್ತಿದ್ದೆ. ಹವಾಮಾನ ಕಚೇರಿಯವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಬೈಯುವುದಕ್ಕೆ ಯಾರಾದರೂ ಸಿಕ್ಕರೆ ಮನಸ್ಸಿಗೆ ಎಷ್ಟು ಹಗುರ, ನೋಡಿ.

ಆ ಕಚೇರಿಯವರೇ ಒಬ್ಬರು ಒಂದು ದಿನ ಕೆನ್ನೆ ಊದಿಸಿಕೊಂಡು ನಮ್ಮ ಕ್ಲಿನಿಕ್ಕಿಗೆ ಬಂದರು. ಉದ್ಯೋಗದ ಜಾಗದಲ್ಲಿ 'ಹವಾಮಾನ ಮುನ್ಸೂಚಕ' ಎಂದು ಬರೆದಿದ್ದರು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಮರಗಟ್ಟುವವರೆಗೆ ಹೊರಗೆ ಕೂರಿ ಎಂದು ಕಳಿಸಿದ್ದರು. ನನಗೆ ಸಿಕ್ಕಿಬಿದ್ದರು ಎನ್ನಬೇಕು. ಹಲ್ಲುನೋವಿನ ಮನುಷ್ಯ ಎಂಬ ಕನಿಕರವೂ ಇಲ್ಲದೆ ಶುರುಮಾಡಿದೆ. "ಏನ್ ಸ್ವಾಮಿ, ಮುಂಚೆ ನಿಮ್ಮ ಗಾಳಿ ಸಂದೇಶ ಕರಾರುವಾಕ್ಕಾಗಿ ಇರ್ತಿತ್ತು. ಈಗೇನು, ಕಣ್ಣು ಮುಚ್ಚಿಕೊಂಡು ಬರೀತೀರಾ?"

ಅವರಿಗೆ ಸಿಟ್ಟು ಬರಲಿಲ್ಲ. "ಹೆಚ್ಚು ಕಡಿಮೆ ಹಾಗೇನೇ ಅಮ್ಮ" ಎಂದರು. ಅರ್ಧ ಬಾಯಿ ಮರಗಟ್ಟಿದ್ದರೂ ನಿಧಾನವಾಗಿ, ಕೆನ್ನೆಗೆ ಕೈ ಆನಿಸಿಕೊಂಡು ತಿಳಿಸಿ ಹೇಳಿದರು. ರಾತ್ರಿ ನೆಲ ತಣ್ಣಗಾದ ಮೇಲೆ ಕೆಳಗಿನ ಗಾಳಿ ನಿಂತುಬಿಡುತ್ತದಂತೆ. ಮೇಲಿನದು ನಿಲ್ಲುವುದಿಲ್ಲ, ಕೆಲವು ದಿನ ಇನ್ನೂ ಜೋರಾಗಿ ಓಡುತ್ತಿರುತ್ತದೆ. ಬಿಸಿಲು ಬಿದ್ದು ನೆಲ ಕಾದಂತೆ ಆ ಮೇಲಿನ ಗಾಳಿ ಕೆಳಗಿಳಿಯುತ್ತದೆ. ಬೆಳಗ್ಗೆ ನೆಲದ ಮೇಲೆ ನಿಂತು ನೋಡುವವನಿಗೆ ಅದರ ಸುಳಿವೂ ಸಿಗುವುದಿಲ್ಲ. "ಮೇಲೆ ಹೋಗಿ ನೋಡ್ಕೊಂಡು ಬಂದೋರು ಯಾರಾದ್ರೂ ಹೇಳ್ಬೇಕು. ನಮಗೆ ಹೇಳ್ತಿದ್ದದ್ದು ನಸುಕಿನ ವಿಮಾನ."

ನನಗೆ ಅರ್ಥವಾಗಲಿಲ್ಲ. ವಿಮಾನ ಹೇಳುವುದೆಂದರೇನು ಎಂದೆ.

"ವಿಮಾನ ಏರುವಾಗ ತನ್ನ ಸುತ್ತಲ ಗಾಳಿ ಎಷ್ಟು ಜೋರು, ಯಾವ ದಿಕ್ಕು, ಎಷ್ಟು ಬಿಸಿ ಅಂತ ಅಳೀತಾನೇ ಇರುತ್ತೆ. ಅದಕ್ಕೇ ಬೇಕಲ್ಲ ಅದು. ಆ ಕಂಪನಿಯವರ ಜೊತೆ ನಮ್ಮ ಇಲಾಖೆ ಮಾತಾಡಿ ಇಟ್ಟಿತ್ತು. ಅಳೆದದ್ದನ್ನು ಆಗಿಂದಾಗಲೇ ನಮಗೂ ಕಳಿಸ್ತಿತ್ತು. ಪೈಲಟ್ ಒಂದು ಗುಂಡಿನೂ ಒತ್ತಬೇಕಾಗಿಲ್ಲ. ಅದು ಮೋಡ ದಾಟೋ ಹೊತ್ತಿಗೆ ನಮ್ಮ ಹತ್ರ ನೆಲದಿಂದ ಮೇಲಿನವರೆಗೆ ಗಾಳಿ ಹೇಗಿದೆ ಅನ್ನೋ ಪೂರ್ತಿ ಚಿತ್ರ ಇರ್ತಿತ್ತು. ಅದನ್ನು ನೋಡಿ ಬೆಳಗಿನ ಸಂದೇಶ ಬರೀತಿದ್ವಿ."

"ಗಾಳಿ ಅಳೆಯೋಕೆ ಬಲೂನು ಹಾರಿಸ್ತೀರಲ್ಲ?"

"ಅದು ದೊಡ್ಡ ಕೇಂದ್ರದಲ್ಲಿ. ಇಲ್ಲಿಂದ ಬಸ್ಸಲ್ಲಿ ಅರ್ಧ ದಿನದ ದಾರಿ. ಅಲ್ಲಿನ ಗಾಳಿ ಇಲ್ಲಿಗೆ ಲೆಕ್ಕಕ್ಕೆ ಬರಲ್ಲ. ಈಗ ಆ ವಿಮಾನ ಹೊತ್ತೇರಿದ ಮೇಲೆ ಹೊರಡುತ್ತೆ. ಕಳಿಸೋದು ಈಗಲೂ ಕಳಿಸುತ್ತೆ, ಆದ್ರೆ ಅಷ್ಟೊತ್ತಿಗೆ ಗಾಳಿ ಕೆಳಗೆ ಬಂದಾಗಿರುತ್ತೆ. ಬಂದ ನೆಂಟರನ್ನು ಬರ್ತಾರೆ ಅಂತ ಹೇಳೋಕೆ ನಾವ್ಯಾಕೆ ಬೇಕು?" ಎಂದು ನಗಲು ಹೋಗಿ, ನೋವಾಗಿ, ನಿಲ್ಲಿಸಿದರು. ಆಮೇಲೆ ಹೇಳಿದರು, "ಯಾರೋ ಸದ್ದಾಗುತ್ತೆ ಅಂತ ಅರ್ಜಿ ಹಾಕಿದ್ರಂತೆ."

ಮಾನ್ಯರೇ, ಆ ಕ್ಷಣ ನಾನು ಏನು ಮಾಡಿದೆ ಗೊತ್ತೇ? 'ಆ ಯಾರೋ ನಾನೇ' ಎನ್ನಲಿಲ್ಲ. ಕಾರ್ಡು ತೆಗೆದುಕೊಂಡು, ಮುಂದಿನ ಸಲ ಯಾವಾಗ ಬರಬೇಕೆಂದು ಅದರಲ್ಲಿ ಬರೆದು, ಅವರ ಕೈಗೆ ಕೊಟ್ಟೆ. "ಬಿಸಿಯಾದದ್ದು ಏನೂ ಕುಡಿಯಬೇಡಿ" ಎಂದೆ. ಆಮೇಲೆ ಒಳಗೆ ಹೋಗಿ, ಉಪಕರಣ ತೊಳೆಯುವ ತೊಟ್ಟಿಯ ಮುಂದೆ ನಿಂತು, ನಲ್ಲಿ ಬಿಟ್ಟುಕೊಂಡು ಅತ್ತೆ. ನನ್ನ ಮೈದುನನ ಕಾಲು ಮುರಿದದ್ದು ಗಾಳಿಯಲ್ಲ, ನಾನು. ಹಾಗೆಂದು ನ್ಯಾಯಾಲಯ ಹೇಳಲಾರದು. ಆ ಮುನ್ಸೂಚಕರೂ, ವಿಮಾನ ಇದ್ದಿದ್ದರೂ ಒಂದೊಂದು ಸಲ ಸಂದೇಶ ತಪ್ಪುತ್ತಿತ್ತು ಎಂದೇ ಹೇಳಿದ್ದರು. ಆದರೂ ನನ್ನ ಒಳಗಿನವಳು ಬೇರೆ ಯಾವ ತೀರ್ಪನ್ನೂ ಒಪ್ಪುತ್ತಿಲ್ಲ.

ಈಗ ನಿಮ್ಮ ಪಾಲಿಗೆ ಬರೋಣ. ನನಗೆ ಗೊತ್ತಿರಲಿಲ್ಲ. ಹಲ್ಲಿನ ಕ್ಲಿನಿಕ್ಕಿನವಳಿಗೆ ವಿಮಾನದ ಹೊಟ್ಟೆಯಲ್ಲಿ ಏನಿದೆಯೆಂದು ಹೇಗೆ ಗೊತ್ತಿರಬೇಕು? ನಿಮಗೆ ಗೊತ್ತಿರಬೇಡವೇ? ನಿಮ್ಮ ಕಚೇರಿಗೂ ಹವಾಮಾನ ಕಚೇರಿಗೂ ಮಧ್ಯೆ ಇರುವುದು ಒಂದು ಕಾಂಪೌಂಡು ಗೋಡೆ. ಅದರಲ್ಲೂ ಒಂದು ಕಡೆ ಇಟ್ಟಿಗೆ ಬಿದ್ದು ಹೋಗಿದೆ. ಎರಡೂ ಕಚೇರಿಯ ಸಿಬ್ಬಂದಿ ಚಹಾಕ್ಕೆ ಆ ಸಂದಿನಲ್ಲೇ ನುಸುಳಿ ಹೋಗುವುದನ್ನು ನಾನೇ ನೋಡಿದ್ದೇನೆ. ಚಹಾ ದಾಟುವ ಗೋಡೆಯನ್ನು ಒಂದು ಪ್ರಶ್ನೆ ದಾಟಲಾರದೆ? 'ಈ ವಿಮಾನದ ಹೊತ್ತು ಬದಲಿಸುತ್ತಿದ್ದೇವೆ, ನಿಮಗೇನಾದರೂ ತೊಂದರೆಯೇ' ಎಂದು ಕೇಳಲು ನಿಮಗೆ ಯಾವ ಮಂತ್ರಿಯ ಅಪ್ಪಣೆ ಬೇಕಿತ್ತು? ಸದ್ದು ಅಳೆಯಲು ನಮ್ಮ ಮನೆಯ ಮಹಡಿಗೆ ಯಂತ್ರ ತಂದಿರಿ. ವಿಮಾನ ಕಂಪನಿಯನ್ನು ಕೇಳಿದಿರಿ. ಹೋಟೆಲಿನವರನ್ನು, ಟ್ಯಾಕ್ಸಿಯವರನ್ನು ಕೇಳಿದಿರಿ. ಆ ವಿಮಾನವನ್ನೇ ಕಣ್ಣು ಮಾಡಿಕೊಂಡು ಕೂತಿದ್ದವರನ್ನು ಮಾತ್ರ ಬಿಟ್ಟಿರಿ. ಹವಾಮಾನದವರು ಆಮೇಲೆ ಪತ್ರ ಬರೆದರಂತೆ. ಅವರ ಮೇಲಿನವರು ನಿಮ್ಮ ಮೇಲಿನವರಿಗೆ ಬರೆಯಬೇಕು ಎಂದು ಉತ್ತರ ಹೋಯಿತಂತೆ. ಇಷ್ಟು ಮೇಲಿರುವ ನಿಮ್ಮೆಲ್ಲರಿಗೂ ಮೇಲಿನ ಗಾಳಿ ಮಾತ್ರ ಕಾಣಲಿಲ್ಲ ನೋಡಿ.

ಇಷ್ಟು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಾನೂ ಕೇಳಲಿಲ್ಲ. ಸಹಿಗಾಗಿ ಎಲ್ಲ ಬಾಗಿಲು ತಟ್ಟಿದವಳು, ಈ ವಿಮಾನ ನಸುಕಿನಲ್ಲೇ ಯಾಕೆ ಹೊರಡುತ್ತದೆ, ಇದರಿಂದ ಯಾರಿಗಾದರೂ ಉಪಯೋಗವಿದೆಯೇ ಎಂದು ಯಾರನ್ನೂ ಕೇಳಲಿಲ್ಲ. ನನಗೆ ನಮ್ಮವರ ನಿದ್ದೆ ಬೇಕಿತ್ತು, ಅಷ್ಟೇ. ನಿಮ್ಮನ್ನು ಬೈಯುವಾಗ ನನ್ನ ದನಿ ಎತ್ತರಕ್ಕೆ ಹೋಗುವುದು ಯಾಕೆಂದು ನನಗೆ ಚೆನ್ನಾಗಿ ಗೊತ್ತು.

ಅರ್ಜಿ ವಾಪಸ್ ತೆಗೆದುಕೊಳ್ಳೋಣವೆಂದು ನಿಮ್ಮ ಕಚೇರಿಗೆ ಬಂದಿದ್ದೆ. ನಿಮ್ಮ ಗುಮಾಸ್ತರು ಕಡತ ತೆಗೆದು ನೋಡಿ, "ಇದು ಮಂಜೂರಾಗಿದೆಯಲ್ಲಮ್ಮ" ಎಂದರು.

"ಹೌದು. ಅದನ್ನ ವಾಪಸ್ ತಗೋಬೇಕು."

"ಬಾಕಿ ಇರೋ ಅರ್ಜಿ ವಾಪಸ್ ತಗೋಬಹುದು. ತಿರಸ್ಕಾರ ಆಗಿದ್ರೆ ಮೇಲ್ಮನವಿ ಹಾಕಬಹುದು. ಮಂಜೂರಾದದ್ದನ್ನ ಏನ್ ಮಾಡೋದು?"

"ಅದನ್ನೇ ನಾನು ಕೇಳ್ತಿರೋದು."

ಅವರು ಕನ್ನಡಕ ತೆಗೆದು ಒರೆಸಿಕೊಂಡು, ತುಂಬ ಮರ್ಯಾದೆಯಿಂದಲೇ ಹೇಳಿದರು. "ಅಮ್ಮ, ನಿಮ್ಮದು ನಮ್ಮ ಈ ವರ್ಷದ ಸಾಧನೆಗಳ ಪಟ್ಟಿಯಲ್ಲಿದೆ. ಅದನ್ನು ಈಗ ತೆಗೆಯೋಕಾಗಲ್ಲ." ಹಿಂದೆ ಗೋಡೆಯ ಮೇಲೆ ನಿಮ್ಮ ಫಲಕ ತೂಗುತ್ತಿತ್ತು. ನಮ್ಮ ಬಡಾವಣೆಯ ಹೆಸರು ಅದರಲ್ಲಿ ಮೂರನೆಯ ಸಾಲಿನಲ್ಲಿತ್ತು. ನನ್ನ ಮೈದುನನ ಕಾಲು ನಿಮ್ಮ ಸಾಧನೆ ಎಂದು ನನಗೆ ಆಗ ತಿಳಿಯಿತು.

ಮನೆಯಲ್ಲಿ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಒಂದೆರಡು ದಿನವಲ್ಲ, ವಾರಗಟ್ಟಲೆ. ಯಜಮಾನರು ತಟ್ಟೆ ಸರಿಸಿ ಎದ್ದಾಗಲೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು. ನಾಳೆ ಎಂದುಕೊಳ್ಳುತ್ತಿದ್ದೆ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ಮೈದುನ ಊರುಗೋಲು ಬಿಟ್ಟು ಅಡುಗೆಮನೆಯಿಂದ ಹೊರಬಾಗಿಲವರೆಗೆ ನಡೆದು ತೋರಿಸಿ, ಮುಂದಿನ ತಿಂಗಳು ನಾನೂ ಕೆಲಸಕ್ಕೆ ಬರುತ್ತೇನೆ ಅಣ್ಣ ಎಂದ. ಯಜಮಾನರ ಮುಖ ಬಿಳಿಚಿಕೊಂಡಿತು. ಆಗ ಹೇಳಿದೆ. ಹಲ್ಲುನೋವಿನವರಿಂದ ಹಿಡಿದು ಎಲ್ಲವನ್ನೂ.

ಮೈದುನ ಕಾಲು ನೀವಿಕೊಳ್ಳುತ್ತಾ ಕೂತಿದ್ದವನು, "ಅಲ್ಲ ಅತ್ತಿಗೆ, ಆ ಅರ್ಜಿಗೆ ನಾನೂ ಸಹಿ ಹಾಕಿದ್ನಲ್ಲ" ಎಂದ. ಅಷ್ಟೇ. ಯಜಮಾನರು ತಮ್ಮನ ಊರುಗೋಲನ್ನು ಎತ್ತಿ ಗೋಡೆಗೆ ಒರಗಿಸಿದರು. ಆಮೇಲೆ ಅಂದರು. "ಅರ್ಜಿ ಬರೆದಿದ್ದಕ್ಕೆ ನನಗೆ ಬೇಜಾರಿಲ್ಲ. ನಮಗೋಸ್ಕರ ಬರೆದೆ. ನಾನು ನನ್ನನ್ನೇ ಬೈದುಕೊಂಡು ಸಾಯ್ತಿದ್ದೆ, ನೀನು ಗೊತ್ತಿದ್ದೂ ಬಡಿಸ್ತಾ ನಿಂತಿದ್ದೆಯಲ್ಲ." ಎದ್ದು ಹೋಗಿ ತಮ್ಮನ ಕೋಣೆಯಲ್ಲಿ ಚಾಪೆ ಹಾಕಿಕೊಂಡರು. ಈಗಲೂ ಅಲ್ಲೇ ಮಲಗುತ್ತಾರೆ. ಅದಕ್ಕೆ ನೀವು ಹೊಣೆಯಲ್ಲ. ಅದು ಪೂರ್ತಿ ನನ್ನದು.

ನೀವು ಕೇಳಬಹುದು, ಹಾಗಾದರೆ ಮೇಲಿನ ಮನೆಯ ಮಗುವಿನ ನಿದ್ದೆಯ ಗತಿ ಏನು ಎಂದು. ನ್ಯಾಯವಾದ ಪ್ರಶ್ನೆ. ಅದಕ್ಕೂ ದಾರಿ ಇದೆಯಂತೆ. ಮುನ್ಸೂಚಕರು ಎರಡನೆಯ ಸಲ ಬಂದಾಗ ನಾನು ತಲೆ ತಗ್ಗಿಸಿ, 'ಆ ಅರ್ಜಿ ನನ್ನದು' ಎಂದು ಒಪ್ಪಿಕೊಂಡು, ಮುಂದೇನು ಎಂದು ಕೇಳಿದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, ಬೈಯದೆ, ಹೇಳಿದರು. ಬೆಳಕು ಹರಿಯುವ ಮುಂಚೆಯೇ ಕೆರೆಯ ಕಡೆಯಿಂದ, ಮನೆಗಳ ಮೇಲೆ ಹಾಯದೆ, ಸರಕಿನ ವಿಮಾನವೊಂದು ಇಲ್ಲಿ ಇಳಿಯುತ್ತದೆ. ಇಳಿಯುವಾಗಲೂ ಗಾಳಿ ಅಳೆಯಬಹುದು, ಅದರಲ್ಲೂ ಯಂತ್ರವಿದೆ. ಅಳೆದದ್ದನ್ನು ಹವಾಮಾನ ಕಚೇರಿಗೆ ಕಳಿಸಬೇಕೆಂದು ಆ ಕಂಪನಿಯವರಿಗೆ ಯಾರೂ ಹೇಳಿಲ್ಲ, ಯಾರು ಹೇಳಬೇಕೆಂದು ತೀರ್ಮಾನವಾಗಿಲ್ಲ. ಅಂದರೆ ದಿನಾ ಬೆಳಗ್ಗೆ ನಮ್ಮ ಗಾಳಿಯ ಸುದ್ದಿ ನಿಮ್ಮ ರನ್‌ವೇ ಮೇಲೆ ಬಂದು ಇಳಿಯುತ್ತಿದೆ. ಅದನ್ನು ಯಾರೂ ತೆರೆದು ಓದುತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಆ ಸರಕಿನ ವಿಮಾನ ಅಳೆದದ್ದು ಹವಾಮಾನ ಕಚೇರಿಗೆ ತಲುಪುವಂತೆ ಮಾಡಿ. ಅದಾಗುವವರೆಗೆ ನಸುಕಿನ ವಿಮಾನವನ್ನು ಮೊದಲಿನ ಹೊತ್ತಿಗೇ ಹೊರಡಿಸಿ. ನಮ್ಮ ಕಿಟಕಿ ಗಡಗಡ ಎನ್ನಲಿ. ನಮ್ಮ ಬೀದಿಯವರಿಗೆ ನಾನು ಮನೆಮನೆಗೆ ಹೋಗಿ ಹೇಳುತ್ತಿದ್ದೇನೆ. ಮೇಷ್ಟ್ರು ಒಪ್ಪಿದ್ದಾರೆ. ಬಾಣಂತಿ ಬಾಗಿಲು ಹಾಕಿಕೊಂಡಳು, ಮತ್ತೆ ಹೋಗುತ್ತೇನೆ. ಇನ್ನು ಮುಂದೆ ಯಾವ ವಿಮಾನದ ಹೊತ್ತನ್ನು ಮುಟ್ಟುವ ಮೊದಲೂ ಗೋಡೆಯಾಚೆಯವರನ್ನು ಒಂದು ಮಾತು ಕೇಳಿ. ನಿಮ್ಮ ಫಲಕದ ಮೂರನೆಯ ಸಾಲನ್ನು ಅಳಿಸಿ.

ಮೈದುನ ಹಟ ಮಾಡಿ ನಿನ್ನೆಯಿಂದ ಕೆಲಸಕ್ಕೆ ಹೋಗಲು ಶುರುಮಾಡಿದ್ದಾನೆ. ನಿನ್ನೆ ಬೆಳಗ್ಗೆ ಅವನು ಹೊಸ್ತಿಲಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಯಜಮಾನರು ಮೊಬೈಲು ಹಿಡಿದು ನನ್ನ ಹತ್ತಿರ ಬಂದರು. ಆ ಭಾನುವಾರದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು. "ಗಾಳಿ ಸಾಧಾರಣ ಅಂತಿದೆ. ಹತ್ತಿಸಲಾ?"

ನನಗೆ ಹೌದು ಎನ್ನಲು ಬಾಯಿ ಬರಲಿಲ್ಲ, ಬೇಡ ಎಂದರೆ ದಿನವೂ ಬೇಡ ಎನ್ನಬೇಕಾಗುತ್ತದೆ. ಕೊನೆಗೆ ಇಬ್ಬರೂ ಚಾವಣಿ ಹತ್ತದೆ, ನೆಲದ ಮೇಲೇ ಸ್ಕ್ರೂ ವಿಂಗಡಿಸಿ ಸಂಜೆ ಮನೆಗೆ ಬಂದರು. ಇವತ್ತೂ ಅಷ್ಟೇ. ನಾಳೆಯೂ ಅವರು ನನ್ನನ್ನು ಕೇಳುತ್ತಾರೆ. ಉತ್ತರ ನಿಮ್ಮ ಹತ್ತಿರ ಇದೆ. ಹತ್ತಿಸಲೇ, ಬೇಡವೇ, ಹೇಳಿ.

ಇಂತಿ,
ಕೇಳಬಾರದ್ದನ್ನು ಕೇಳಿ ಪಡೆದುಕೊಂಡ,
ನಿಮ್ಮ ಇಲಾಖೆಯ ಏಕೈಕ ಯಶಸ್ವಿ ಅರ್ಜಿದಾರಳು